ಅಂಗಳದಲ್ಲಿ ನಿಂತ ಡಬಲ್ ರೊಟ್ಟಿ ಗಾಡಿ

ರಿಪೇರಿ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಿಕ್ಸರ್ ಕೆಟ್ಟರೆ, ಕುರ್ಚಿಯ ಕಾಲು ಅಲ್ಲಾಡಿದರೆ, ಕೊಡೆಯ ಕಡ್ಡಿ ಮುರಿದರೆ ಮನೆಯವರೆಲ್ಲ ಮೊದಲು ನನ್ನ ಮುಖ ನೋಡುತ್ತಾರೆ. ಸರಿ ಮಾಡಿಸಿದರೆ ಪೂರ್ತಿ ಸರಿ ಮಾಡಿಸಬೇಕು, ಇಲ್ಲವೇ ಅದೇ ದಿನ ಹೊರಗೆ ಹಾಕಬೇಕು. ನಡುವಿನ ದಾರಿ ನನ್ನ ಮನೆಯಲ್ಲಿ ಇಲ್ಲ. ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸೊಸೆ ನೆರೆಮನೆಯವರ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಹೇಳಲಿ, ಸುಳ್ಳೇನಲ್ಲ. ಆದರೆ ಆ ಕೋಪ ನಾನು ಹುಟ್ಟುವಾಗ ತಂದದ್ದಲ್ಲ. ತಾಂಡೂರಿನ ನಮ್ಮ ಅಂಗಳದಲ್ಲಿ, ಒಂದು ಹಳೇ ವ್ಯಾನಿನ ಪಕ್ಕದಲ್ಲಿ ಕೂತು ಕೂತು ಬೆಳೆಸಿಕೊಂಡದ್ದು.

ಆ ಮನೆಯಲ್ಲಿ ಎರಡೇ ಕೋಣೆ, ಹಿಂದೆ ಒಂದು ಅಡುಗೆಮನೆ. ಮನೆಗಿಂತ ಅಂಗಳವೇ ದೊಡ್ಡದು. ತಾಂಡೂರಿನಲ್ಲಿ ಮಣ್ಣು ಅಗೆದರೆ ಕಲ್ಲು, ಕಲ್ಲು ಅಗೆದರೆ ಇನ್ನೊಂದು ಪದರ ಕಲ್ಲು. ಹಾಗಾಗಿ ನಮ್ಮಲ್ಲಿ ಎಲ್ಲವೂ ಫರ್ಶಿ, ಅಂದರೆ ಚಪ್ಪಡಿ ಕಲ್ಲು. ನೆಲಕ್ಕೆ ಫರ್ಶಿ, ಕಾಂಪೌಂಡಿಗೆ ನಿಲ್ಲಿಸಿದ ಫರ್ಶಿ, ಒಲೆಯ ಪಕ್ಕ ಫರ್ಶಿ, ಬಟ್ಟೆ ಒಗೆಯಲು ಫರ್ಶಿ, ನೀರಿನ ಹರವಿಯ ಮೇಲೆ ಮುಚ್ಚಳಕ್ಕೂ ಫರ್ಶಿಯ ಚೂರು. ಬೇರೆ ಊರಿನವರು ಬಂದು ನಮ್ಮ ಅಂಗಳ ನೋಡಿ, ಏನು ಶ್ರೀಮಂತರಪ್ಪ ಎನ್ನುತ್ತಿದ್ದರು. ನಮಗೆ ಮಾತ್ರ ಅದು ಕಾಲ ಕೆಳಗಿನ ಕಸ. ಒಡೆದರೆ ಒಡೆಯಿತು, ಗಣಿಯಲ್ಲಿ ಗುಡ್ಡೆಗಟ್ಟಲೆ ಬಿದ್ದಿದೆಯಲ್ಲ ಎನ್ನುವ ಧಿಮಾಕು ಊರಿನ ಎಲ್ಲ ಗಂಡಸರಿಗೂ ಇತ್ತು. ಆ ಧಿಮಾಕು ಇಲ್ಲದವಳು ನಮ್ಮ ಅವ್ವ ಒಬ್ಬಳೇ. ಯಾಕೆಂದರೆ ಆ ಅಂಗಳದ ಫರ್ಶಿಯೇ ಅವಳ ದುಡಿಮೆ.

ಅವ್ವ ಬಜಾರಿನ ಮನೆಗಳಿಗೆ ತೊಗರಿಬೇಳೆ ಮಾಡಿ ಕೊಡುತ್ತಿದ್ದಳು. ಅವರು ತೊಗರಿ ಕಳಿಸುವುದು, ಇವಳು ಬೇಳೆ ಮಾಡಿ ವಾಪಸ್ಸು ಕಳಿಸುವುದು. ಕೇಳಲಿಕ್ಕೆ ಸುಲಭ. ತೊಗರಿಯನ್ನು ರಾತ್ರಿ ನೆನೆಹಾಕಬೇಕು, ಬೆಳಿಗ್ಗೆ ಕೆಮ್ಮಣ್ಣು ಕಲಸಿ ಗುಡ್ಡೆ ಹಾಕಿ ಗೋಣಿಚೀಲ ಮುಚ್ಚಬೇಕು, ಆಮೇಲೆ ಬಿಸಿಲಿಗೆ ಹರವಬೇಕು. ದಿನವಿಡೀ ಅಂಗೈಯಿಂದ ತಿರುವುತ್ತಿರಬೇಕು. ಸಿಪ್ಪೆ ಸಡಿಲಾಗುವ ಒಂದು ಹದ ಇದೆ, ಅದು ಅವ್ವನ ಹಲ್ಲಿಗೆ ಮಾತ್ರ ಗೊತ್ತು. ಒಂದು ಕಾಳು ಕಚ್ಚಿ ನೋಡಿ, "ಆತು" ಎಂದರೆ ಆಯಿತು. ಮಣ್ಣು ಜರಡಿ ಹಿಡಿದು ಬೀಸುಕಲ್ಲಿಗೆ ಹಾಕುವುದು. ನೆಲದ ಮೇಲೆ ಒಣಗಿಸಿದ ಬೇಳೆಯಲ್ಲಿ ಹರಳು ಸೇರುತ್ತದೆ, ಮಾಳಿಗೆಯ ಮೇಲೆ ಒಣಗಿಸಿದರೆ ಧೂಳು. ನಮ್ಮ ಅಂಗಳದ ಫರ್ಶಿ ಮಾತ್ರ ತೊಳೆದರೆ ಊಟದ ತಾಟಿನ ಹಾಗೆ. ಮಧ್ಯಾಹ್ನ ಕಾದು ಕೆಳಗಿನಿಂದಲೂ ಒಣಗಿಸುತ್ತಿತ್ತು. ಗೌರಮ್ಮನ ಬೇಳೆ ಕಣ್ಣು ಮುಚ್ಚಿ ಎಸರಿಗೆ ಹಾಕಬಹುದು ಎಂದು ಬಜಾರಿನಲ್ಲಿ ಹೆಸರಿತ್ತು. ಅವ್ವನಿಗೆ ಒಡವೆಯ ಆಸೆ ಇರಲಿಲ್ಲ, ಸೀರೆಯ ಆಸೆ ಇರಲಿಲ್ಲ. ಈ ಹೆಸರಿನ ಮೇಲೆ ಮಾತ್ರ ಜೀವ ಇಟ್ಟಿದ್ದಳು.

ಅಪ್ಪ ಗಣಿಯ ಲಾರಿ ಓಡಿಸುತ್ತಿದ್ದ. ಊರಿಗೆಲ್ಲ ಡ್ರೈವರ್ ಬಸಣ್ಣ. ಬೇರೆಯವರ ಗಾಡಿ, ಬೇರೆಯವರ ಕಲ್ಲು, ಬೇರೆಯವರ ಹೊತ್ತು. ತನ್ನದೇ ಒಂದು ಗಾಡಿ ಬೇಕು ಎನ್ನುವ ಹುಚ್ಚು ಅವನಿಗೆ ನನ್ನ ನೆನಪು ಶುರುವಾಗುವ ಮೊದಲಿನಿಂದಲೂ ಇತ್ತು. ಊಟಕ್ಕೆ ಕೂತರೆ ರೊಟ್ಟಿಯ ಚೂರು ತಾಟಿನ ಸುತ್ತ ಓಡಿಸುತ್ತ, ಇಲ್ಲಿ ತಾಂಡೂರು, ಇಲ್ಲಿ ಜಹೀರಾಬಾದು, ಈ ಉಳ್ಳಾಗಡ್ಡಿ ನಾರಾಯಣಖೇಡ ಎಂದು ನನಗೆ ದಾರಿ ತೋರಿಸುತ್ತಿದ್ದ. ಹಳ್ಳಿ ಸಂತೆಗಳಿಗೆ ಮಂದಿಯನ್ನೂ ಮೂಟೆಯನ್ನೂ ಹೊತ್ತು ತಿರುಗುವುದು, ಸಂಜೆಗೆ ಮನೆಗೆ ಬರುವುದು, ಯಾರಿಗೂ ಸಲಾಮು ಹೊಡೆಯದೆ ಇರುವುದು, ಇಷ್ಟೇ ಅವನ ಆಸೆ. ನನಗೂ ಅದು ಚಂದ ಕಾಣುತ್ತಿತ್ತು. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟು ದೊಡ್ಡದಾಗಲು ಕಾರಣ ಇದೇ. ಅವನು ಪ್ರೀತಿ ಬರದಂಥ ಮನುಷ್ಯನಾಗಿದ್ದರೆ ಸಿಟ್ಟು ಇಷ್ಟು ಸುಡುತ್ತಿರಲಿಲ್ಲ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಳದ ದೊಡ್ಡ ಬಾಗಿಲು ತಾನಾಗಿ ತೆರೆದುಕೊಂಡಿತು. ಹೊರಗಿನಿಂದ ಅಪ್ಪ ಗಾಡಿಯ ಮೂತಿಯಿಂದಲೇ ತಳ್ಳಿದ್ದ. ಮುಂದೆ ಚೂಪಾದ ಮೂತಿ, ಹಿಂದೆ ಗುಂಡಗಿನ ಬೆನ್ನು, ಮೈತುಂಬ ತುಕ್ಕು. ಹೈದರಾಬಾದಿನ ಯಾರೋ ಡಬಲ್ ರೊಟ್ಟಿ, ಅಂದರೆ ಬ್ರೆಡ್ಡು, ಮಾರುವವರ ಹತ್ತಿರ ಇದ್ದ ವ್ಯಾನಂತೆ, ನಿಜಾಮರ ಕಾಲದ್ದಂತೆ. ಕಿಟಕಿಗೆ ಗಾಜಿಲ್ಲ, ಬಾಗಿಲಿಗೆ ಹಗ್ಗ ಕಟ್ಟಿತ್ತು. ಅವ್ವ ಹರವಿದ್ದ ತೊಗರಿಯನ್ನು ಬರಬರನೆ ಸೆರಗಿಗೂ ಬುಟ್ಟಿಗೂ ಬಳಿದುಕೊಂಡು ಗೋಡೆಗೆ ಒತ್ತಿ ನಿಂತಳು. ಅಪ್ಪ ಇಳಿದು ಗಾಡಿಯ ಮೂತಿ ತಟ್ಟಿದ.

"ನೋಡು, ನಮ್ಮದು! ಎಂಜಿನ್ ಹುಲಿ ಅದ, ಹುಲಿ!"

"ಮೈ ಜರಡಿ ಆಗ್ಯಾದಲ್ರಿ," ಎಂದಳು ಅವ್ವ.

"ಮೈ ಏನು, ತಗಡು. ತಟ್ಟಿ ವೆಲ್ಡಿಂಗ್ ಹೊಡೆದ್ರ ಆತು. ಎಳ್ಳಮಾಸಿ ಒಳಗ ನಿನ್ನ ಅಂಗಳ ನಿನಗ."

ಎಳ್ಳಮಾಸಿ ಅಂದರೆ ಹೊಸ ತೊಗರಿ ಬರುವ ಮುಂಚಿನ ಹಬ್ಬ. ಅದರೊಳಗೆ ಗಾಡಿ ಹೊರಗೆ ಹೋಗಿಬಿಟ್ಟರೆ ಅವ್ವನ ಸುಗ್ಗಿಗೆ ತೊಂದರೆ ಇರಲಿಲ್ಲ. ಅವ್ವ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮೊದಲು ಮನಸ್ಸು ಸೋತವಳು ನಮ್ಮ ಅಜ್ಜಿ, ಅಪ್ಪನ ತಾಯಿ. ಮಾರನೇ ದಿನವೇ ಎಲೆ ಅಡಿಕೆಯ ಚಂಚಿ ಹಿಡಿದು ವ್ಯಾನಿನೊಳಗೆ ಹತ್ತಿ ಕೂತಳು. ಗಾಜಿಲ್ಲದ ಕಿಟಕಿಯಿಂದ ಗಾಳಿ ಚಲೋ ಬರುತ್ತದೆ ಎಂದಳು. ಊಟ ಅಲ್ಲೇ, ಮಧ್ಯಾಹ್ನದ ನಿದ್ದೆ ಅಲ್ಲೇ. ಓಣಿಯ ಮುದುಕಿಯರು ಬಂದರೆ ಒಳಗೆ ಕರೆದು ಕೂರಿಸಿಕೊಂಡು, ಎಲ್ಲಿಗೆ ಹೋಗಬೇಕು ಹೇಳ್ರಿ, ನನ್ನ ಮಗ ಬಿಟ್ಟು ಬರ್ತಾನ ಎನ್ನುತ್ತಿದ್ದಳು. ಗಾಲಿ ಇಲ್ಲದ ಗಾಡಿಯಲ್ಲಿ ಆ ಮುದುಕಿಯರು ಎಲ್ಲೆಲ್ಲಿಗೋ ಹೋಗಿ ಬಂದರು.

ಗಾಲಿ ಇರಲಿಲ್ಲ ಯಾಕೆಂದರೆ ಅಪ್ಪ ಮೊದಲ ವಾರವೇ ನಾಲ್ಕೂ ಬಿಚ್ಚಿಬಿಟ್ಟಿದ್ದ. ಫರ್ಶಿಗಳನ್ನು ಒಂದರ ಮೇಲೊಂದು ಪೇರಿಸಿ ಗಾಡಿಯನ್ನು ಅದರ ಮೇಲೆ ಕೂರಿಸಿದ್ದ. ವೆಲ್ಡಿಂಗಿಗೆ ಖಾಜಾ ಬರುತ್ತಿದ್ದ. ಸ್ಟೇಷನ್ ರಸ್ತೆಯಲ್ಲಿ ಅವನ ಅಂಗಡಿ, ಅಪ್ಪನ ಜೀವದ ಗೆಳೆಯ. ಕೈಗಾಡಿಯ ಮೇಲೆ ಉದ್ದನೆಯ ಗ್ಯಾಸಿನ ಸಿಲಿಂಡರು, ಇನ್ನೊಂದು ಕಡೆ ಕಾರ್ಬೈಡ್ ಡ್ರಮ್ಮು ಹೇರಿಕೊಂಡು ಬರುತ್ತಿದ್ದ. ಡ್ರಮ್ಮಿನಲ್ಲಿ ಕಾರ್ಬೈಡಿನ ಗಡ್ಡೆ ಹಾಕಿ ನೀರು ಬಿಟ್ಟರೆ ಬುಸುಬುಸು ಎಂದು ಗ್ಯಾಸು ಏಳುತ್ತಿತ್ತು. ಆ ವಾಸನೆ ಕೊಳೆತ ಬೆಳ್ಳುಳ್ಳಿಯ ಹಾಗೆ. ಸಾರು ಕುಡಿದರೂ ಅದೇ, ತಲೆ ಬಾಚಿಕೊಂಡರೂ ಅದೇ. ಡ್ರಮ್ಮಿನ ತಳದಲ್ಲಿ ಉಳಿದ ಬಿಳೀ ರಾಡಿ ಸುಣ್ಣದ ಹಾಗಿದೆ ಎಂದು ಅಪ್ಪ ಅದನ್ನು ಬಚ್ಚಲಿಗೆ ಬಳಿದ. ವರ್ಷ ಕಳೆದರೂ ನಮ್ಮ ಬಚ್ಚಲಲ್ಲಿ ಬೆಳ್ಳುಳ್ಳಿ ಕೊಳೆಯುತ್ತಲೇ ಇತ್ತು.

ಕೆಲಸ ಶುರುವಾದದ್ದು ವ್ಯಾನಿನ ತಳದಿಂದ. ಅಪ್ಪ ಅಡಿಯಲ್ಲಿ ಮಲಗಿ ತಗಡಿನ ತೇಪೆ ಒತ್ತಿ ಹಿಡಿದ. ಖಾಜಾ ಕಪ್ಪು ಕನ್ನಡಕ ಏರಿಸಿ ನೀಲಿ ಉರಿ ಹಚ್ಚಿದ. ಉರಿ ತಗಡು ದಾಟಿ ಕೆಳಗಿನ ಫರ್ಶಿಗೆ ಬಡಿಯುತ್ತಿರುವುದು ಇಬ್ಬರಿಗೂ ಕಾಣಿಸುತ್ತಿತ್ತು, ಆದರೆ ಫರ್ಶಿಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಸ್ವಲ್ಪ ಹೊತ್ತಿನಲ್ಲಿ ಢಂ ಎಂದು ಬಂದೂಕು ಹಾರಿದ ಸದ್ದು. ಕಾದ ಕಲ್ಲು ಸಿಡಿದು ಚಕ್ಕೆ ಹಾರಿ ಖಾಜಾನ ಮೊಣಕಾಲಿನ ಕೆಳಗೆ ಗೀರಿತು. ಅಜ್ಜಿ ವ್ಯಾನಿನೊಳಗಿನಿಂದ ಶಿವಶಿವಾ ಎಂದು ಕೂಗಿಕೊಂಡಳು. ಅವ್ವ ಹೊರಗೆ ಓಡಿಬಂದವಳು ಗಂಡನನ್ನೂ ನೋಡಲಿಲ್ಲ, ಖಾಜಾನ ಕಾಲನ್ನೂ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ಫರ್ಶಿಯಲ್ಲಿ ಬಿದ್ದ ಗುಂಡಿಯೊಳಗೆ ಬೆರಳು ಆಡಿಸಿದಳು.

"ಮಣ್ಣಿನ ಮ್ಯಾಲ ಮಾಡ್ರಿ, ಭಾಯಿ. ಹೊರಗ ರಸ್ತಾದಾಗ ಜಾಗಾ ಅದಲ್ಲ."

"ಭಾಬೀ, ನಾ ಹೇಳ್ದೆ. ಬಸಣ್ಣ ಕೇಳಂಗಿಲ್ಲ."

"ರಸ್ತಾದಾಗ ಇಟ್ರ ನಟ್ಟು ಬೋಲ್ಟು ಹುಡುಗರು ಒಯ್ತಾರ," ಎಂದ ಅಪ್ಪ ಅಡಿಯಿಂದಲೇ. "ಫರ್ಶಿ ಊರಾಗ ಇದ್ದು ಫರ್ಶಿಗಿ ಅಳ್ತಾರೇನು? ಒದ್ದಿ ಗೋಣಿ ಹಾಸ್ತೀನಿ, ಬಿಡು."

ಒದ್ದೆ ಗೋಣಿ ಹಾಸಿದ. ನೀರು ಕುಡಿದ ಕಲ್ಲು ಇನ್ನೂ ಜೋರಾಗಿ ಸಿಡಿಯಿತು. ಆಮೇಲೆ ಅದು ನಮ್ಮ ಮನೆಯ ದಿನದ ಸದ್ದಾಯಿತು. ನಾನು ಬರೆಯಲು ಕೂತರೆ ಢಂ, ಅವ್ವ ಹಿಟ್ಟು ನಾದಿದರೆ ಢಂ. ಪ್ರತಿ ಸಲ ಅವ್ವನ ಭುಜ ಒಮ್ಮೆ ಕುಗ್ಗಿ ಸರಿಯಾಗುತ್ತಿತ್ತು.

ಇಷ್ಟಾಗಿಯೂ ಕೆಲಸ ಮುಂದುವರಿಯುತ್ತಿದ್ದರೆ ಸಹಿಸಬಹುದಿತ್ತು. ತುಕ್ಕು ಹಿಡಿದ ತಗಡಿನ ಅಂಚು ಹಪ್ಪಳದಂತೆ ತೆಳ್ಳಗಾಗಿರುತ್ತದೆ. ಅದಕ್ಕೆ ತೇಪೆ ಇಟ್ಟು ಉರಿ ತೋರಿಸಿದರೆ ತೇಪೆ ಹತ್ತುವುದಿಲ್ಲ, ಅಂಚೇ ಕರಗಿ ಓಡಿಹೋಗುತ್ತದೆ. ಒಂದು ತೂತು ಮುಚ್ಚಲು ಹೋಗಿ ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಖಾಜಾ ಬಾಯಿಬಡುಕ, ಆದರೆ ಈ ವಿಷಯದಲ್ಲಿ ಅವನು ಹೇಳುತ್ತಿದ್ದದ್ದು ಒಂದೇ ಮಾತು.

"ಕಟ್ ಮಾಡು, ಬಸಣ್ಣ. ಗಟ್ಟಿ ತಗಡು ಸಿಗೋತನಕ ಕಟ್ ಮಾಡು. ಆಮ್ಯಾಲ ಹೊಸಾದು ಹಚ್ಚೋಣು."

"ಇನ್ನಾ ಜೀವ ಅದ ಅದರಾಗ. ಜೀವ ಇದ್ದದ್ದು ಕಡಿಬ್ಯಾಡ."

"ಎಲ್ಲಿ ಜೀವ? ಬೆರಳು ಹಾಕಿದ್ರ ಆಚೀಕಡೆ ಬರ್ತದ!"

"ನೀ ಉರಿ ಸಣ್ಣ ಇಡು. ಎಲ್ಲಾ ನಿನ್ನ ಉರಿದೇ ತಪ್ಪು."

ಇದು ಅವರ ದಿನದ ಜಗಳ. ಖಾಜಾ ಸಿಟ್ಟಿಗೆದ್ದು ಕೈಗಾಡಿ ತಳ್ಳಿಕೊಂಡು ಹೋಗಿಬಿಡುತ್ತಿದ್ದ. ಹೋದರೆ ವಾರ ಹತ್ತು ದಿನ ಪತ್ತೆ ಇಲ್ಲ. ಆಮೇಲೆ ಅಪ್ಪ ಹೋಗಿ ಇರಾನಿ ಚಹಾ ಕುಡಿಸಿ ಕರೆತರುವುದು. ಅಪ್ಪ ಯಾಕೆ ಕಡಿಯಲು ಒಪ್ಪುತ್ತಿರಲಿಲ್ಲ ಎಂದು ಈಗ ನನಗೆ ಅರ್ಥವಾಗುತ್ತದೆ. ಜನ್ಮದಲ್ಲಿ ಮೊದಲ ಸಲ ತನ್ನದು ಎನ್ನುವ ಒಂದು ವಸ್ತು ಸಿಕ್ಕಿತ್ತು, ಅದರಲ್ಲಿ ಅಂಗೈ ಅಗಲವೂ ಕಡಿಮೆಯಾಗುವುದು ಅವನಿಗೆ ಬೇಡವಾಗಿತ್ತು. ಅರ್ಥವಾಗುತ್ತದೆ ಎಂದರೆ ಸಿಟ್ಟು ಇಳಿದಿದೆ ಎಂದಲ್ಲ. ಕೊಳೆತದ್ದನ್ನು ಕೊಳೆತದ್ದು ಎಂದು ಒಪ್ಪಿಕೊಂಡಿದ್ದರೆ ಆ ಕೆಲಸ ಎಳ್ಳಮಾಸಿಗೆ ಮುಗಿಯುತ್ತಿತ್ತು.

ಎಳ್ಳಮಾಸಿ ಬಂತು. ಭಜ್ಜಿ, ಕಡುಬು, ಸಜ್ಜೆ ರೊಟ್ಟಿ ಕಟ್ಟಿಕೊಂಡು ಊರೆಲ್ಲ ಹೊಲಕ್ಕೆ ಹೋಯಿತು. ನಾವು ಸಂಬಂಧಿಕರ ಹೊಲದಲ್ಲಿ ಉಂಡು ಬಂದೆವು. ವ್ಯಾನು ಅಲ್ಲೇ ಇತ್ತು. ಸಂಕ್ರಾಂತಿಯೊಳಗೆ ಎಂದ ಅಪ್ಪ. ಆಗ ಅವರಿಬ್ಬರೂ ಬಲಗಡೆಯ ದೊಡ್ಡ ತಗಡಿಗೆ ಬಿದ್ದಿದ್ದರು. ಖಾಜಾನ ಉರಿಗೆ ಹಳೇ ಬಣ್ಣ ಸುಟ್ಟು, ಕೆಳಗಿನಿಂದ ಉರ್ದು ಅಕ್ಷರಗಳೂ ಒಂದು ಡಬಲ್ ರೊಟ್ಟಿಯ ಚಿತ್ರವೂ ಎದ್ದುಬಂದವು. ಅಪ್ಪ ಅದನ್ನು ನೋಡಿ ಮಗುವಿನ ಹಾಗೆ ನಕ್ಕ. ಆದರೆ ಉರಿ ತಗುಲಿದ ತಗಡು ಹಿಗ್ಗಿ ಡೊಂಕಾಗಿ ಹೊಟ್ಟೆ ಬಿಟ್ಟಿತು. ಅಂಗೈಯಿಂದ ಒತ್ತಿದರೆ ಡಬ್ ಎಂದು ಒಳಗೆ, ಒಳಗಿನಿಂದ ಗುದ್ದಿದರೆ ಡಬ್ ಎಂದು ಹೊರಗೆ. ಅದನ್ನು ಇಳಿಸಲು ಖಾಜಾ ಅಲ್ಲಲ್ಲಿ ರೂಪಾಯಿ ಬಿಲ್ಲೆಯಷ್ಟು ಜಾಗ ಕೆಂಪಗೆ ಕಾಯಿಸುವನು, ಅಪ್ಪ ಹಿಂದೆ ಕಬ್ಬಿಣದ ಗಟ್ಟಿ ಒತ್ತಿ ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟುವನು, ತಕ್ಷಣ ಒದ್ದೆ ಬಟ್ಟೆ ಇಟ್ಟರೆ ಚುಂಯ್ ಎಂದು ತಗಡು ಎಳೆದುಕೊಳ್ಳುವುದು. ಇಲ್ಲಿ ಇಳಿದರೆ ಅಲ್ಲಿ ಉಬ್ಬುತ್ತಿತ್ತು. ಸಂಜೆಗೆ ಸರಿಯಾಯಿತು ಎಂದು ಚಹಾ ಕುಡಿಯುತ್ತಿದ್ದರು. ಮರುದಿನ ಮಧ್ಯಾಹ್ನ ಬಿಸಿಲು ಏರಿದ ಕೂಡಲೇ ಯಾರೂ ಮುಟ್ಟದಿದ್ದರೂ ಅದು ತಾನಾಗಿ ಡಬ್ ಎಂದು ಹೊಟ್ಟೆ ಬಿಡುತ್ತಿತ್ತು. ಅಜ್ಜಿ ನಿದ್ದೆಯಿಂದ ಎದ್ದು, ಊರು ಬಂತೇನು ಎಂದು ಕೇಳುತ್ತಿದ್ದಳು. ನಾನು ನಗಲಿಲ್ಲ. ಆ ಸದ್ದು ಕೇಳಿದರೆ ನನಗೆ ಹಲ್ಲು ಕಡಿಯುವಂತಾಗುತ್ತಿತ್ತು.

ಗಾಲಿಯ ಮೇಲಿನ ಗುಂಡಗಿನ ರೆಕ್ಕೆ ಹೊಸದಾಗಿ ಮಾಡಬೇಕಿತ್ತು. ಎಣ್ಣೆ ಡ್ರಮ್ಮಿನ ತಗಡು ತಂದು, ಮರಳು ತುಂಬಿದ ಚೀಲದ ಮೇಲಿಟ್ಟು ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಬಗ್ಗಿಸಬೇಕು. ಮರಳು ತರಲು ಅಪ್ಪನಿಗೆ ಬೇಸರ. ಅವ್ವ ಮೂಲೆಯಲ್ಲಿ ಇಟ್ಟಿದ್ದ ಯಾರದೋ ತೊಗರಿ ಚೀಲ ಕಂಡಿತು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅದರ ಮೇಲೆ ರೆಕ್ಕೆ ಅರ್ಧ ತಯಾರಾಗಿತ್ತು. ಅವ್ವ ಚೀಲದ ಬಾಯಿ ಬಿಚ್ಚಿದಳು. ಕಾಳೆಲ್ಲ ಒಡೆದು ನುಚ್ಚಾಗಿತ್ತು.

"ಬ್ಯಾಳಿ ಮಾಡೂದು ಉಳೀತಲ್ಲ ನಿನಗ," ಎಂದ ಅಪ್ಪ ನಗುತ್ತ.

ಅಪ್ಪನ ಈ ತಮಾಷೆಗಳೇ ನಮ್ಮನ್ನು ಹೆಚ್ಚು ಕಾಡಿದ್ದು. ಬೈದರೆ ತಿರುಗಿ ಬೈಯಬಹುದು. ನಗುವವನ ಮುಂದೆ ಏನು ಮಾಡುವುದು? ಅವ್ವ ಜಗಳಕ್ಕೆ ಬಾಯಿ ಬಳಸುವವಳಲ್ಲ. ಅವಳ ಸಿಟ್ಟು ರೊಟ್ಟಿಯಲ್ಲಿ ಗೊತ್ತಾಗುತ್ತಿತ್ತು. ಸಿಟ್ಟು ಹೆಚ್ಚಾದಷ್ಟೂ ಬಡಿಯುವ ಸದ್ದು ಹೆಚ್ಚು, ರೊಟ್ಟಿ ತೆಳ್ಳಗೆ. ಆ ಚಳಿಗಾಲದಲ್ಲಿ ನಮ್ಮ ಮನೆಯ ರೊಟ್ಟಿ ಹಿಡಿದರೆ ಬೆಳಕು ಕಾಣುವಷ್ಟು ತೆಳ್ಳಗಿದ್ದವು. ಅಪ್ಪ ಒಂದರ ಮೇಲೊಂದು ತಿನ್ನುತ್ತ, ಇವತ್ತ ರೊಟ್ಟಿ ಭಾಳ ಚಲೋ ಆಗ್ಯಾವ ಎನ್ನುತ್ತಿದ್ದ. ಗೊತ್ತಿಲ್ಲದೆ ಹೇಳುತ್ತಿದ್ದನೋ ಗೊತ್ತಿದ್ದೂ ಹೇಳುತ್ತಿದ್ದನೋ, ನನಗೆ ತಾಟು ಎತ್ತಿ ಎಸೆಯಬೇಕು ಎನಿಸುತ್ತಿತ್ತು.

ಸಂಕ್ರಾಂತಿಯೂ ಹೋಯಿತು. ಹೊಸ ತೊಗರಿ ಬಂತು. ವ್ಯಾನಿನ ಸುತ್ತ ಉಳಿದ ಅಂಚಿನಲ್ಲೇ ಅವ್ವ ಹರವಿದಳು. ಗುಂಡಿಗಳಿಗೆ ಬಟ್ಟೆ ತುರುಕಿ, ಸಿಡಿದ ಚಕ್ಕೆ ಆರಿಸಿ, ಖಾಜಾ ಬಂದ ದಿನ ಎಲ್ಲ ಬಳಿದು ಒಳಗಿಟ್ಟು, ಅವನು ಹೋದ ಮೇಲೆ ಮತ್ತೆ ಹರವಿ, ಸುಸ್ತಾಗಿ ಹೋದಳು. ಹೀಗಿರುವಾಗ ಬಟ್ಟೆ ಅಂಗಡಿಯ ಸಾವುಕಾರರ ಹೆಂಡತಿ ಒಂದು ಬೆಳಿಗ್ಗೆ ಬಂದಳು. ಆಕೆ ಯಾರ ಮನೆಗೂ ಹೋಗುವವಳಲ್ಲ. ಅವ್ವ ಗಡಬಡಿಸಿ ಚಾಪೆ ಹಾಸಿದಳು. ಆಕೆ ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಕಪ್ಪು ಗುಂಡು ಅವ್ವನ ಅಂಗೈಗೆ ಹಾಕಿದಳು. ವೆಲ್ಡಿಂಗ್ ಮಾಡುವಾಗ ಸಿಡಿದು ಆರಿದ ಕಬ್ಬಿಣದ ಹನಿ, ಸಾಸಿವೆಗಿಂತ ಸ್ವಲ್ಪ ದೊಡ್ಡದು.

"ನಮ್ಮ ಮಾವನೋರ ಹಲ್ಲು ಹೋತು, ಗೌರಮ್ಮ. ನಿನ್ನ ಬ್ಯಾಳಿ ಅಂತ ನಾ ನೋಡದೆ ಹಾಕಿದ್ದೆ."

ಅಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಅವ್ವ ಮುಷ್ಟಿ ಮುಚ್ಚಿಕೊಂಡು ನಿಂತೇ ಇದ್ದಳು. ಆಕೆ ಹೋಗುವಾಗ ಮೂಲೆಯಲ್ಲಿದ್ದ ತಮ್ಮ ಮನೆಯ ತೊಗರಿ ಚೀಲವನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದಳು. ವಾರದೊಳಗೆ ಬಜಾರಿನ ಬೇರೆ ಮನೆಗಳೂ ಒಂದೊಂದಾಗಿ ಚೀಲ ತರಿಸಿಕೊಂಡವು. ಯಾರೂ ಕಾರಣ ಹೇಳಲಿಲ್ಲ. ಅಪ್ಪ ಕೆಲಸದಿಂದ ಬಂದಾಗ ಅವ್ವ ಆ ಗುಂಡನ್ನು ಅವನ ತಾಟಿನಲ್ಲಿ, ರೊಟ್ಟಿಯ ಪಕ್ಕದಲ್ಲಿ ಇಟ್ಟಳು. ಅಪ್ಪ ಅದನ್ನು ತಿರುಗಿಸಿ ನೋಡಿ, ಕಬ್ಬಿಣ ತಿಂದ್ರ ಮೈಯಾಗ ರಕ್ತ ಆಗ್ತದ ಎಂದು ನಗಲು ಹೋದ. ಅವ್ವ ಒಲೆಯ ಕಡೆ ಮುಖ ಮಾಡಿ ಕೂತಳು. ಆ ದಿನದಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ನನ್ನ ಮೂಲಕ. ಹೇಳು ಸರೂ, ನೀರು ಕಾದಾವ. ಹೇಳು ಸರೂ, ಅಡಗಿ ಆಗ್ಯಾದ. ಅಪ್ಪ ಎದುರಿಗೇ ಕೂತಿರುತ್ತಿದ್ದ, ನಾನು ಅದನ್ನೇ ಮತ್ತೆ ಹೇಳಬೇಕಿತ್ತು. ಅವ್ವನ ಹರವುವ ಬುಟ್ಟಿಗಳು ಜಂತಿಗೆ ತೂಗುಬಿದ್ದವು. ಸುಗ್ಗಿಯ ಕಾಲದಲ್ಲಿ ನಮ್ಮ ಬೀಸುಕಲ್ಲು ಸುಮ್ಮನೆ ಕೂತದ್ದು ಅದೇ ಮೊದಲು.

ಅಪ್ಪನಿಗೆ ನಾಟಿತು. ನಾಟಿದ್ದಕ್ಕೆ ಅವನು ಮಾಡಿದ್ದೇನೆಂದರೆ ಗಡಿಬಿಡಿ. ಬೇಗ ಮುಗಿಸಿ ಗಾಡಿ ಹೊರಗೆ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ತಳದಲ್ಲಿ ಉಳಿದಿದ್ದ ತೂತುಗಳ ಮೇಲೆ ದೊಡ್ಡ ತಗಡೊಂದನ್ನು ಅಡ್ಡ ಹಾಸಿ ಅಂಚಿಗೆ ನಾಲ್ಕಾರು ಕಡೆ ಉರಿ ಮುಟ್ಟಿಸಿದರು.

"ಬಸಣ್ಣ, ಇದು ಸತ್ತ ತಗಡಿಗೆ ಹೊಸಾ ತಗಡು ಹೊಲಿದಂಗ ಆತು," ಎಂದ ಖಾಜಾ.

"ಬಣ್ಣಾ ಬಿದ್ದ ಮ್ಯಾಲ ಯಾರಿಗಿ ಕಾಣ್ತದ?" ಎಂದ ಅಪ್ಪ.

ಗೀರು ಗುಂಡಿಗಳಿಗೆ ಪುಟ್ಟಿ ಮೆತ್ತಿ ನೀಲಿ ಬಣ್ಣ ಬಳಿದರು. ಹೋಳಿ ಮುಗಿದು ಊರಿನ ಮೈಯಿಂದ ಬಣ್ಣ ಇಳಿಯುವ ಹೊತ್ತಿಗೆ ನಮ್ಮ ವ್ಯಾನು ಬಣ್ಣ ಏರಿಸಿಕೊಂಡು ನಿಂತಿತು. ಅಜ್ಜಿಯನ್ನು ಇಳಿಸಿ, ಗಾಲಿ ಹಾಕಿ, ಸಾರ್ವಜನಿಕರ ಸಮಕ್ಷಮದಲ್ಲಿ ಎಂಬಂತೆ ತೆಂಗಿನಕಾಯಿ ಒಡೆದು, ಅಪ್ಪ ಅದನ್ನು ಅಂಗಳದ ಬಾಗಿಲಿನಿಂದ ಹೊರಗೆ ತೆಗೆದ. ಹುಲಿ ನಿಜವಾಗಿಯೂ ಹುಲಿಯೇ. ಓಣಿಯ ಹುಡುಗರೆಲ್ಲ ಕೂಗಿದರು. ನನಗೂ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ.

ಗಾಡಿ ಹೋದ ಮೇಲೆ ಅಂಗಳ ಕಂಡಿತು. ಕಪ್ಪು ಸುಟ್ಟ ಕಲೆ, ಎಣ್ಣೆಯ ಕಲೆ, ತುಂಬ ಗುಂಡಿ. ಫರ್ಶಿಗಳು ಮೈಲಿ ಬೇನೆ ಬಂದ ಮುಖದ ಹಾಗಿದ್ದವು. ಅವ್ವ ಕೊಡದಿಂದ ನೀರು ಸುರಿದು ಪೊರಕೆಯಿಂದ ತಿಕ್ಕಿದಳು. ನೀರು ಹರಿದು ಹೋಗಲಿಲ್ಲ, ಒಂದೊಂದು ಗುಂಡಿಯಲ್ಲೂ ನಿಂತುಕೊಂಡಿತು. ಒಂದು ಹಿಡಿ ತೊಗರಿ ಚೆಲ್ಲಿ ಅಂಗೈಯಿಂದ ತಿರುವಿ ನೋಡಿದಳು. ಕಾಳು ಗುಂಡಿಗಳಿಗೆ ಇಳಿದು ಸಿಕ್ಕಿಕೊಂಡಿತು. ಬೆರಳ ತುದಿಯಿಂದ ಒಂದೊಂದೇ ಕಾಳು ಎತ್ತುತ್ತ ಕೂತಿದ್ದಾಗ ಅಪ್ಪ ಬಾಗಿಲಲ್ಲಿ ಬಂದು ನಿಂತ. ಕುಂದ್ರು ಬಾ, ಒಂದು ಸುತ್ತು ಹೋಗೋಣು ಎಂದು ಕರೆಯಲು ಬಂದವನು, ಕರೆಯಲಿಲ್ಲ. ಅವ್ವನ ಬೆರಳುಗಳನ್ನೇ ನೋಡಿದ. ಆ ಸಲ ಅವನಿಗೆ ಯಾವ ತಮಾಷೆಯೂ ಹೊಳೆಯಲಿಲ್ಲ.

"ಫರ್ಶಿ ತರ್ತೀನಿ. ಪೂರಾ ಹೊಸಾದು ಹಾಕ್ತೀನಿ. ಈಗ ನಮ್ಮದೇ ಗಾಡಿ ಅದಲ್ಲ."

ನನ್ನನ್ನು ಮುಂದೆ ಪಕ್ಕದಲ್ಲಿ ಕೂರಿಸಿಕೊಂಡು ಆಗಲೇ ಹೊರಟ. ಗಣಿಯಲ್ಲಿ ಒಳ್ಳೆಯ ಫರ್ಶಿಗಳನ್ನು ತಾನೇ ಆರಿಸಿದ. ಒಂದೊಂದನ್ನೂ ಅಂಗೈಯಿಂದ ಸವರಿ, ಇದು ನಯಾ ಅದ, ಇದು ನಿಮ್ಮವ್ವಗ ಸೇರ್ತದ ಎಂದು ನನಗೆ ತೋರಿಸಿ ಹಿಂದೆ ಹೇರಿಸಿದ. ಸ್ವಂತ ಗಾಡಿಯ ಮೊದಲ ಬಾಡಿಗೆ ಹೆಂಡತಿಯ ಅಂಗಳಕ್ಕೆ ಎಂದು ಗಣಿಯವರ ಹತ್ತಿರ ಹೇಳಿಕೊಂಡ. ದಾರಿಯಲ್ಲಿ ಹಾಡು ಗುನುಗಿದ. ರೈಲ್ವೆ ಗೇಟಿನ ಹಳಿ ದಾಟುವಾಗ ಗಾಡಿ ಒಮ್ಮೆ ಕುಪ್ಪಳಿಸಿತು. ಹಿಂದೆ ಬಟ್ಟೆ ಹರಿದ ಹಾಗೆ ಒಂದು ಉದ್ದನೆಯ ಸದ್ದು. ನಾನು ತಿರುಗಿ ನೋಡಿದೆ. ವ್ಯಾನಿನ ತಳ ಬಾಯಿ ತೆರೆದಿತ್ತು. ಫರ್ಶಿಗಳು ಒಂದರ ಹಿಂದೆ ಒಂದು ಜಾರಿ ರಸ್ತೆಗೆ ಬೀಳುತ್ತಿದ್ದವು. ಅಪ್ಪ ಬ್ರೇಕು ಒತ್ತುವಷ್ಟರಲ್ಲಿ ಅರ್ಧ ಮಾಲು ಕೆಳಗಿತ್ತು. ಅವನು ಇಳಿದು ಹಿಂದೆ ಹೋಗಿ ನಿಂತ. ಹೊಸ ತಗಡು ಹಾಗೆಯೇ ಗಟ್ಟಿಯಾಗಿತ್ತು. ಅದನ್ನು ಹಿಡಿದುಕೊಂಡಿದ್ದ ಹಳೇ ತಗಡು ತುಕ್ಕಿನ ಪುಡಿಯಾಗಿ ರಸ್ತೆಯ ಮೇಲೆ ಚೆಲ್ಲಿತ್ತು. ನನಗೆ ತಡೆಯಲಾಗಲಿಲ್ಲ. ರಸ್ತೆಯ ನಡುವೆಯೇ ಕೂಗಿದೆ.

"ಖಾಜಾ ಮಾಮಾ ಕಡಿ ಅಂದಾಗ ಕಡೀಬೇಕಾಗಿತ್ತಪ್ಪ! ಕಡೀಬೇಕಾಗಿತ್ತು!"

ಅಪ್ಪ ಬಗ್ಗಿ, ಒಡೆಯದೆ ಉಳಿದ ಫರ್ಶಿಗಳನ್ನು ಒಂದೊಂದಾಗಿ ರಸ್ತೆಯ ಬದಿಗೆ ಸರಿಸತೊಡಗಿದ.

ಅವನ್ನು ತೂತಿನ ಎರಡೂ ಬದಿಗೆ ಜೋಡಿಸಿ, ಗಾಡಿಯನ್ನು ನಡೆಸಿದಂತೆ ನಿಧಾನ ಓಡಿಸಿಕೊಂಡು ಮನೆಗೆ ಬಂದೆವು. ತಿರುಗಿ ನೋಡಿದರೆ ತೂತಿನೊಳಗೆ ರಸ್ತೆ ಹರಿಯುವುದು ಕಾಣುತ್ತಿತ್ತು. ಓಣಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅಂಗಳದ ದೊಡ್ಡ ಬಾಗಿಲು ತೆರೆದೇ ಇತ್ತು. ಆದರೆ ಅದರ ನಡುಮಧ್ಯದಲ್ಲಿ, ಗಾಲಿ ಬರುವ ದಾರಿಗೆ ಅಡ್ಡಲಾಗಿ, ಅವ್ವ ಮೊರ ಹಿಡಿದು ಕೂತಿದ್ದಳು. ಮೊರದಲ್ಲಿ ಗುಂಡಿಗಳಿಂದ ಹೆಕ್ಕಿದ ಆ ಹಿಡಿ ತೊಗರಿ. ಅಪ್ಪ ಹಾರ್ನ್ ಒತ್ತಿದ. ಅವ್ವ ಕೇರುತ್ತಲೇ ಇದ್ದಳು. ಮತ್ತೊಮ್ಮೆ ಒತ್ತಿದ. ನೆರೆಮನೆಯವರು ಬಾಗಿಲಿಗೆ ಬಂದರು. ಅಜ್ಜಿ ಒಳಗಿನಿಂದ, ಬಿಡೇ ಗೌರಿ, ನನ್ನ ಮಗ ಬಿಸಿಲಾಗ ನಿಂತಾನ ಎಂದಳು. ಅಪ್ಪ ಇಳಿದು ಹತ್ತಿರ ಬಂದ.

"ದಾರಿ ಬಿಡು. ತಳಾ ಬಿಚ್ಚ್ಯಾದ. ಒಳಗ ಇಟ್ಟು ಎರಡು ದಿನದಾಗ ಸರಿ ಮಾಡ್ತೀನಿ."

ಅವ್ವ ಮುಖ ಎತ್ತಿದಳು. ಮಾತು ಬಿಟ್ಟ ಮೇಲೆ ಮೊದಲ ಸಲ ನನ್ನನ್ನು ನಡುವೆ ಇಟ್ಟುಕೊಳ್ಳದೆ ಮಾತಾಡಿದಳು. ಧ್ವನಿ ದೊಡ್ಡದಾಗಲಿಲ್ಲ.

"ಗಾಡಿ ನಿಮ್ಮದು, ನಾ ಏನೂ ಅನ್ನಂಗಿಲ್ಲ. ಹೊರಗ ಇಡ್ರಿ. ಅಂಗಳ ನಂದು. ಒಳಗ ಬರಬೇಕಂದ್ರ ಅದು ನನ್ನ ಮ್ಯಾಲ ಹಾದು ಬರ್ಲಿ."

"ಮಂದಿ ನೋಡ್ತಾರ."

"ನೋಡ್ಲಿ. ಸಾವುಕಾರ್ರ ಮನ್ಯಾಗ ಹಲ್ಲು ಹೋದಾಗೂ ಮಂದಿ ನೋಡ್ಯಾರ."

ಅಪ್ಪ ಕೈ ಎತ್ತುತ್ತಾನೋ, ನಗುತ್ತಾನೋ ಎಂದು ನಾನು ಅವನನ್ನೇ ನೋಡಿದೆ. ಎರಡೂ ಮಾಡಲಿಲ್ಲ. ಗಾಡಿಯನ್ನು ಹಿಂದೆ ಸರಿಸಿ ಕಾಂಪೌಂಡಿನ ಹೊರಗೆ, ಬೇವಿನ ಗಿಡದ ಕೆಳಗೆ, ಮಣ್ಣಿನ ಮೇಲೆ ನಿಲ್ಲಿಸಿದ. ಹಿಂದಿನ ಬಾಗಿಲು ತೆಗೆದು ಒಂದು ಫರ್ಶಿ ಹೊರಕ್ಕೆ ಎಳೆದು ತೊಡೆಗೆ ಆನಿಸಿಕೊಂಡು ಹೊತ್ತು ತಂದ. ಅದಕ್ಕೆ ಅವ್ವ ಮೊರ ಎತ್ತಿಕೊಂಡು ದಾರಿ ಬಿಟ್ಟಳು. ಕತ್ತಲಾಗುವವರೆಗೆ ಅವನು ಹೊತ್ತ. ಒಡೆದವುಗಳ ಬದಲಿಗೆ ಮರುದಿನ ಮತ್ತೆ ಗಣಿಗೆ ಹೋಗಿ ಬೇರೆಯವರ ಎತ್ತಿನ ಬಂಡಿಯಲ್ಲಿ ತಂದ. ಹಳೆಯವನ್ನು ಕಿತ್ತು, ಹೊಸವನ್ನು ಕೂರಿಸಿ, ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ಮೇಲೆ ನೀರು ಸುರಿದು ಹರಿಯುತ್ತದೋ ಇಲ್ಲವೋ ಎಂದು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಅಪ್ಪ ಒಂದು ಕೆಲಸವನ್ನು ಪೂರ್ತಿ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ವ್ಯಾನನ್ನು ಅವನೂ ಖಾಜಾನೂ ಬೇವಿನ ಕೆಳಗೇ ಬಿಚ್ಚಿದರು. ಗೋಡೆಯಾಚೆಯಿಂದ ಉಳಿಯ ಸದ್ದು ಬರುತ್ತಿತ್ತು. ಕ್ಯಾಂಚ್ ಕ್ಯಾಂಚ್ ಎಂದು ತಗಡು ಕಡಿಯುವ ಸದ್ದು, ನಡುನಡುವೆ ಖಾಜಾ, ಇನ್ನಾ ಸ್ವಲ್ಪ ಬಸಣ್ಣ, ಇನ್ನಾ ಸ್ವಲ್ಪ ಎನ್ನುವುದು. ಅಪ್ಪ ಎದುರು ಮಾತಾಡುವುದು ಕೇಳಿಸಲಿಲ್ಲ. ಮುಂದೆ ಆ ಗಾಡಿ ಜಹೀರಾಬಾದಿನ ದಾರಿಯಲ್ಲಿ ಹಲವು ವರ್ಷ ಓಡಿತು, ನಾರಾಯಣಖೇಡದ ಸಂತೆಗೂ ಹೋಯಿತು. ಆದರೆ ಅದರ ಬಲಗಡೆಯ ತಗಡು ಮಾತ್ರ ಕೊನೆಯವರೆಗೂ ಸರಿಯಾಗಲಿಲ್ಲ.

ಬಟ್ಟೆ ಅಂಗಡಿಯ ಸಾವುಕಾರರ ಮನೆಯಿಂದ ಮತ್ತೆ ತೊಗರಿ ಬಂದದ್ದು ಉಗಾದಿ ಕಳೆದ ಮೇಲೆ. ಪೂರ್ತಿ ಚೀಲ ಅಲ್ಲ, ನೋಡೋಣ ಎನ್ನುವ ಹಾಗೆ ಒಂದು ಸಣ್ಣ ಗಂಟು. ಅವ್ವ ಅದನ್ನು ನೆನೆಹಾಕಿ, ಕೆಮ್ಮಣ್ಣು ಕಲಸಿ, ಬೆಳಿಗ್ಗೆಯೇ ಹೊಸ ಫರ್ಶಿಯನ್ನು ಎರಡು ಸಲ ತೊಳೆದಳು. ಜಂತಿಯಿಂದ ಬುಟ್ಟಿ ಇಳಿಸಿ ಹರವಲು ಕೂತಳು. ನಾನು ಪಕ್ಕದಲ್ಲಿದ್ದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗೋಡೆಯ ಆಚೆಯಿಂದ ಡಬ್ ಎಂದು ಸದ್ದಾಯಿತು. ನನ್ನ ಹಲ್ಲು ತಾನಾಗಿ ಬಿಗಿಯಿತು. ಬಾಗಿಲಿನ ಕಡೆ ಓಡಲು ಎದ್ದೆ. ಅವ್ವನ ಭುಜ ನೋಡಿದೆ. ಅದು ಕುಗ್ಗಲಿಲ್ಲ.

"ಕುಂದ್ರು, ಸರೂ," ಎಂದಳು. "ಹೊರಗ ಅದ. ಕೂಗ್ಲಿ."

ಒಂದು ಕಾಳು ಎತ್ತಿ ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡಿ, ಇನ್ನೂ ಆಗಿಲ್ಲ ಎಂದು ತಲೆಯಾಡಿಸಿ, ಅಂಗೈಯಿಂದ ಮತ್ತೆ ತಿರುವತೊಡಗಿದಳು.